ಅಧ್ಯಾಪಕರ ಆಚಾರ್ಯ ಎಮಿಲ್ ಡರ್ಖೀಮ್

ಶಿಕ್ಷಣಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಸಾಮಾಜಿಕ ಸಂಶೋಧನೆಯ ವಿಧಾನಗಳನ್ನು ಕಲಿಸುವ ಕೆಲಸ ಬಹುಕಾಲದಿಂದ ನನ್ನ ಪಾಲಿಗೆ ಬಂದಿದೆ. ಆ ತರಗತಿಗೆ ಬರುವವರಲ್ಲಿ ಹಲವರು ಶಾಲೆಗಳಲ್ಲಿ ಪಾಠ ಹೇಳಿ ಅನುಭವ ಪಡೆದವರು. ಮಕ್ಕಳನ್ನು ತಾವು ಬಲ್ಲೆವೆಂಬ ವಿಶ್ವಾಸ ಅವರಲ್ಲಿರುತ್ತದೆ. ಆ ವಿಶ್ವಾಸ ಸುಳ್ಳೂ ಅಲ್ಲ. ಆದರೆ ಪ್ರಾಕ್ಕಲ್ಪನೆ, ಚಲಕ, ಸಹಸಂಬಂಧ ಎಂಬ ಮಾತುಗಳು ಕಿವಿಗೆ ಬಿದ್ದೊಡನೆ ಅವರ ಮುಖದ ಕಳೆ ಕುಂದುತ್ತದೆ. ಪಾಠ ಹೇಳುವವನಿಗೆ ಈ ಎಣಿಕೆಯ ಗೊಡವೆ ಏಕೆ, ಬೋಧನೆ ಒಂದು ಕಲೆಯಲ್ಲವೆ, ಮಗುವಿನ ಮನಸ್ಸನ್ನು ಕೋಷ್ಟಕದಲ್ಲಿ ಹಿಡಿದಿಡಲು ಸಾಧ್ಯವೆ ಎಂದು ಅವರು ಕೇಳುತ್ತಾರೆ. ಕೇಳತಕ್ಕ ಪ್ರಶ್ನೆಯೇ. ಅದಕ್ಕೆ ಉತ್ತರ ಹೇಳಬೇಕಾದಾಗಲೆಲ್ಲ ನಾನು ವ್ಯಾಖ್ಯೆಗಳನ್ನು ಬದಿಗಿಟ್ಟು, ಇದೇ ಪ್ರಶ್ನೆಯನ್ನು ತನ್ನ ವೃತ್ತಿಯ ನಡುವೆ ಎದುರಿಸಿದ ಒಬ್ಬ ಮನುಷ್ಯನ ಜೀವನವನ್ನು ಹೇಳತೊಡಗುತ್ತೇನೆ.

ಎಮಿಲ್ ಡರ್ಖೀಮ್ ಎಂಬ ಹೆಸರು ನಮ್ಮಲ್ಲಿ ಅಪರಿಚಿತವಲ್ಲ. ಸಮಾಜಶಾಸ್ತ್ರದ ಪಠ್ಯಪುಸ್ತಕಗಳಲ್ಲಿ ಕಾಮ್ಟ್, ಸ್ಪೆನ್ಸರ್, ಮಾರ್ಕ್ಸ್, ವೇಬರ್ ಇವರ ಸಾಲಿನಲ್ಲಿ ಗಡ್ಡ ಬಿಟ್ಟ, ಕನ್ನಡಕ ತೊಟ್ಟ ಆ ಗಂಭೀರ ಮುಖವೂ ಕಾಣುತ್ತದೆ. ಪರೀಕ್ಷೆಗೆ ಬೇಕಾದ ನಾಲ್ಕು ಪಾರಿಭಾಷಿಕ ಪದಗಳನ್ನು ವಿದ್ಯಾರ್ಥಿಗಳು ಕಂಠಪಾಠ ಮಾಡಿರುತ್ತಾರೆ. ಆದರೆ ಈ ಮಹಾಶಯರು ಸಮಾಜಶಾಸ್ತ್ರದ ಪೀಠವನ್ನು ಸೇರಿದ್ದು ಶಿಕ್ಷಣಶಾಸ್ತ್ರದ ಬಾಗಿಲಿನಿಂದ ಎಂಬುದನ್ನೂ, ಮೂವತ್ತು ವರ್ಷಗಳ ಕಾಲ ಅವರ ನಿತ್ಯದ ಕಾಯಕ ಉಪಾಧ್ಯಾಯರಿಗೆ ಮತ್ತು ಉಪಾಧ್ಯಾಯರಾಗಲಿರುವವರಿಗೆ ಪಾಠ ಹೇಳುವುದಾಗಿತ್ತೆಂಬುದನ್ನೂ ಪಠ್ಯಪುಸ್ತಕಗಳು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತವೆ. ನನಗೆ ಆ ಒಂದು ಸಾಲೇ ಮುಖ್ಯವಾಗಿ ತೋರುತ್ತದೆ.

ಫ್ರಾನ್ಸಿನ ಪೂರ್ವದ ಗಡಿಗೆ ಸಮೀಪದಲ್ಲಿರುವ ಲೊರೇನ್ ಪ್ರಾಂತದ ಎಪಿನಾಲ್ ಎಂಬ ಊರಿನಲ್ಲಿ, ೧೮೫೮ನೆಯ ಇಸವಿ ಏಪ್ರಿಲ್ ೧೫ರಂದು ಡರ್ಖೀಮರ ಜನನವಾಯಿತು. ತಂದೆ ಮೋಯೀಸ್ ಯೆಹೂದ್ಯರ ಧರ್ಮಗುರು. ತಾತನೂ ಮುತ್ತಾತನೂ ಅದೇ ಪೀಠದವರು. ತಾಯಿ ಮೆಲಾನಿ ಕಸೂತಿಯ ಕೆಲಸ ಮಾಡಿಸಿ ಸಂಸಾರಕ್ಕೆ ಆಸರೆಯಾಗಿದ್ದಳು. ಸಿರಿತನದ ಮನೆಯಲ್ಲ, ಕಟ್ಟುನಿಟ್ಟಿನ ಮನೆ. ಹಿರಿಯರ ವೃತ್ತಿಯೇ ಹುಡುಗನಿಗೂ ಎಂದು ಮೊದಲು ಎಲ್ಲರೂ ಭಾವಿಸಿದ್ದರು. ಬೆಳೆಯುತ್ತ ಬಂದಂತೆ ಹುಡುಗ ಆ ಹಾದಿಯನ್ನು ಬಿಟ್ಟ. ಆದರೆ ಧರ್ಮಪೀಠದ ಗಾಂಭೀರ್ಯ ಮಾತ್ರ ಕೊನೆಯವರೆಗೂ ಅವನನ್ನು ಬಿಡಲಿಲ್ಲ. ೧೮೭೦ರಲ್ಲಿ ಪ್ರಷ್ಯಾದೊಡನೆ ಯುದ್ಧ ನಡೆದು ಫ್ರಾನ್ಸ್ ಸೋತಿತು. ಆಲ್ಸೇಸಿನ ಬಹುಭಾಗವೂ ಲೊರೇನಿನ ಒಂದು ಭಾಗವೂ ಕೈಬಿಟ್ಟುಹೋದುವು. ಎಪಿನಾಲಿನ ಬೀದಿಗಳಲ್ಲಿ ಪರರಾಜ್ಯದ ಸೈನಿಕರು ಓಡಾಡುತ್ತಿದ್ದಾಗ ಹುಡುಗನಿಗೆ ಹನ್ನೆರಡು ವರ್ಷ. ಸೋಲಿಗೆ ಯೆಹೂದ್ಯರೇ ಕಾರಣವೆಂಬ ಗುಲ್ಲು ಏಳುವುದನ್ನು ಅವನು ಆಗಲೇ ಕಂಡ. ಒಂದು ಸಮಾಜ ನೋವುಂಡಾಗ ತನ್ನ ಸಂಕಟವನ್ನು ಹೊರಿಸಲು ಯಾರನ್ನಾದರೂ ಹುಡುಕುತ್ತದೆ ಎಂಬ ಈ ಬಾಲ್ಯದ ಅರಿವನ್ನು ೧೮೯೯ರಲ್ಲಿ ಅವರು ಬರೆದು ತಿಳಿಸಿದರು.

ಎಪಿನಾಲಿನ ಶಾಲೆಯ ಜಾಣ ವಿದ್ಯಾರ್ಥಿ ಪ್ಯಾರಿಸಿಗೆ ಬಂದು, ಎಕೋಲ್ ನಾರ್ಮಾಲ್ ಸುಪೀರಿಯರ್ ಎಂಬ ಪ್ರಸಿದ್ಧ ವಿದ್ಯಾಸಂಸ್ಥೆಯ ಪ್ರವೇಶ ಪರೀಕ್ಷೆಗೆ ಕುಳಿತು ಎರಡು ಬಾರಿ ಸೋತ. ಮೂರನೆಯ ಬಾರಿ, ೧೮೭೯ರಲ್ಲಿ, ಗೆದ್ದ. ಅಲ್ಲಿ ಮುಂದೆ ಸಮಾಜವಾದಿ ಧುರೀಣರಾದ ಜ್ಹೋರೆ, ದಾರ್ಶನಿಕರಾದ ಬೆರ್ಗ್ಸನ್ ಇವನಿಗಿಂತ ಒಂದು ವರ್ಷ ಹಿರಿಯರು. ಇತಿಹಾಸಾಚಾರ್ಯ ಫ್ಯುಸ್ತೆಲ್ ದ ಕೂಲಾಂಜ್ ಗುರುಗಳು. ಅಲ್ಲಿನ ಸಾಹಿತ್ಯದ ಸೊಗಸುಗಾರಿಕೆ, ಮಾತಿನ ಮಿಂಚು ಈ ಗಡಿನಾಡಿನ ಯುವಕನಿಗೆ ಹಿಡಿಸಲಿಲ್ಲ; ಆಧಾರವಿಲ್ಲದೆ ಅಂದವಾಗಿ ಮಾತನಾಡುವವರನ್ನು ಕಂಡರೆ ಆಗಿನಿಂದಲೇ ಅವನಿಗೆ ತಾತ್ಸಾರ. ೧೮೮೨ರ ಅಧ್ಯಾಪಕ ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿದವರ ಪಟ್ಟಿಯ ಕೊನೆಯ ಭಾಗದಲ್ಲಿ ಅವನ ಹೆಸರು ಬಂತು. ಮುಂದಿನ ಐದು ವರ್ಷ ಸಾನ್ಸ್, ಸ್ಯಾಂ ಕಾಂತೆ, ತ್ರ್ವಾ ಮೊದಲಾದ ಊರುಗಳ ಪ್ರೌಢಶಾಲೆಗಳಲ್ಲಿ ತತ್ತ್ವಶಾಸ್ತ್ರದ ಉಪಾಧ್ಯಾಯವೃತ್ತಿ.

ಆ ಐದು ವರ್ಷಗಳ ನಡುವೆ ಎರಡು ಸಂಗತಿಗಳು ನಡೆದುವು. ೧೮೮೫-೮೬ರಲ್ಲಿ ಅವರು ರಜೆ ಪಡೆದು ಜರ್ಮನಿಗೆ ಹೋದರು. ಲೈಪ್‌ಜಿಗ್ಗಿನಲ್ಲಿ ವುಂಟ್ ಎಂಬ ಪಂಡಿತರು ಮನಸ್ಸಿನ ವ್ಯಾಪಾರಗಳನ್ನು ಪ್ರಯೋಗಶಾಲೆಯಲ್ಲಿ ಅಳೆಯುತ್ತಿದ್ದರು. ಇಂದ್ರಿಯಗಳ ಚಲನೆಯನ್ನು ಅಳೆಯಬಹುದಾದರೆ ನೀತಿನಡತೆಗಳನ್ನೂ ಹೊರಗಿನ ಕುರುಹುಗಳಿಂದ ಅಭ್ಯಸಿಸಬಾರದೇಕೆ ಎಂಬ ಯೋಚನೆ ಅಲ್ಲಿ ಬಲಗೊಂಡಿತು. ಎರಡನೆಯದು ದುಃಖದ ಸಂಗತಿ. ವಿದ್ಯಾರ್ಥಿದೆಸೆಯ ಪ್ರಾಣಸ್ನೇಹಿತ ವಿಕ್ತೊರ್ ಓಮೆ ೧೮೮೬ರಲ್ಲಿ ಕಿಟಕಿಯಿಂದ ಬಿದ್ದು ಸತ್ತರು. ಸ್ನೇಹಿತರ ಸ್ಮರಣೆಗಾಗಿ ಡರ್ಖೀಮರು ಸಂತಾಪಲೇಖನವನ್ನು ಬರೆದರು. ಅದು ಅಪಘಾತವೆಂದೇ ಹೇಳಲ್ಪಟ್ಟಿತು. ಆತ್ಮಹತ್ಯೆಯಿರಬೇಕೆಂದು ಜೀವನಚರಿತ್ರಕಾರರು ಊಹಿಸುತ್ತಾರೆ. ಹತ್ತು ವರ್ಷಗಳ ತರುವಾಯ ಇದೇ ವಿಷಯವನ್ನು ಕುರಿತು ಅವರು ಬರೆದ ಗ್ರಂಥವನ್ನು ಓದುವಾಗ ಈ ಸ್ನೇಹಿತನ ನೆನಪು ನನಗೆ ಬಾರದೆ ಇರುವುದಿಲ್ಲ.

ಈಗ ಶಿಕ್ಷಣದ ಮಾತಿಗೆ ಬರೋಣ. ಸೋತು ಬಳಲಿದ ಫ್ರಾನ್ಸಿನಲ್ಲಿ ಹೊಸದಾಗಿ ಸ್ಥಾಪಿತವಾದ ಗಣರಾಜ್ಯವು ತನ್ನ ಭವಿಷ್ಯವನ್ನೆಲ್ಲ ಪ್ರಾಥಮಿಕ ಶಾಲೆಯ ಮೇಲೆ ಪಣವಾಗಿಟ್ಟಿತ್ತು. ೧೮೮೧ರ ಕಾನೂನಿನಿಂದ ಶಿಕ್ಷಣ ಉಚಿತವಾಯಿತು; ೧೮೮೨ರ ಕಾನೂನಿನಿಂದ ಕಡ್ಡಾಯವೂ ಧರ್ಮನಿರಪೇಕ್ಷವೂ ಆಯಿತು. ಅದುವರೆಗೆ ನೀತಿಯನ್ನು ಬೋಧಿಸುತ್ತಿದ್ದವರು ಪಾದ್ರಿಗಳು. ಪಾದ್ರಿ ಶಾಲೆಯಿಂದ ಹೊರಟುಹೋದ ಮೇಲೆ ನೀತಿಯನ್ನು ಯಾವ ಆಧಾರದ ಮೇಲೆ ಕಲಿಸಬೇಕು? ಹಳ್ಳಿಯ ಬಡ ಉಪಾಧ್ಯಾಯ ಪಾದ್ರಿಯ ಜಾಗದಲ್ಲಿ ನಿಂತು ಯಾರ ಹೆಸರಿನಲ್ಲಿ ಮಾತನಾಡಬೇಕು? ಇದು ಸರಕಾರವನ್ನು ನಿಜವಾಗಿಯೂ ಕಾಡಿದ ಪ್ರಶ್ನೆ. ಉನ್ನತ ಶಿಕ್ಷಣದ ನಿರ್ದೇಶಕರಾಗಿದ್ದ ಲೂಯಿ ಲಿಯಾರ್, ಜರ್ಮನಿಯಿಂದ ಮರಳಿದ ಈ ತರುಣ ಉಪಾಧ್ಯಾಯರನ್ನು ಗುರುತಿಸಿದರು. ೧೮೮೭ರಲ್ಲಿ ಬೋರ್ದೋ ವಿಶ್ವವಿದ್ಯಾನಿಲಯದಲ್ಲಿ ಸಮಾಜವಿಜ್ಞಾನ ಮತ್ತು ಬೋಧನಶಾಸ್ತ್ರ ಎಂಬ ಜೋಡಿ ವಿಷಯಗಳಿಗೆ ಡರ್ಖೀಮರ ನೇಮಕವಾಯಿತು. ಆ ಜೋಡಿಯಲ್ಲಿ ಸಂಸ್ಥೆಗೆ ಬೇಕಾಗಿದ್ದದ್ದು ಬೋಧನಶಾಸ್ತ್ರ. ಸಮಾಜವಿಜ್ಞಾನ ಅದರ ಬೆನ್ನಿಗೆ ಅಂಟಿಕೊಂಡು ಒಳಗೆ ಬಂದ ಅತಿಥಿ. ಅದೇ ವರ್ಷ ಲೂಯೀಸ್ ಡ್ರೇಫಸ್ ಎಂಬುವರೊಡನೆ ವಿವಾಹ. ಮನೆಯ ಹೊಣೆಯನ್ನಷ್ಟೇ ಅಲ್ಲದೆ ಪತಿಯ ಬರವಣಿಗೆಯ ಪ್ರತಿ ತೆಗೆಯುವ, ಕರಡು ತಿದ್ದುವ ಕೆಲಸವನ್ನೂ ಆಕೆ ಹೊತ್ತರು.

ಬೋರ್ದೋವಿನಲ್ಲಿ ಹದಿನೈದು ವರ್ಷ. ಪ್ರತಿವಾರ ಪ್ರಾಥಮಿಕ ಶಾಲೆಗಳ ಉಪಾಧ್ಯಾಯ ಉಪಾಧ್ಯಾಯಿನಿಯರಿಗೆ ಬೋಧನಶಾಸ್ತ್ರದ ಉಪನ್ಯಾಸ: ನೀತಿಶಿಕ್ಷಣ, ಬುದ್ಧಿಶಿಕ್ಷಣ, ಮಕ್ಕಳ ಮನಶ್ಶಾಸ್ತ್ರ, ಶಿಕ್ಷಣ ಸಿದ್ಧಾಂತಗಳ ಇತಿಹಾಸ. ಇದು ಅವರಿಗೆ ಪ್ರಿಯವಾದ ಕೆಲಸವೆಂದು ಹೇಳಲಾರೆ. ತಮ್ಮ ಸಂಶೋಧನೆಯ ಕಾಲವನ್ನು ಅದು ಕಬಳಿಸುತ್ತಿದೆ ಎಂಬ ಬೇಗುದಿ ಅವರಿಗಿತ್ತು. ಆದರೂ ಆ ಉಪನ್ಯಾಸಗಳನ್ನು ಅವರು ಒಂದೊಂದು ವಾಕ್ಯವನ್ನೂ ತೂಗಿ ಸಿದ್ಧಪಡಿಸುತ್ತಿದ್ದರು. ಶಾಲೆಯಲ್ಲಿ ಹೊಡೆಯುವ ಶಿಕ್ಷೆ ಕೂಡದು ಎಂದು ಕಾರಣಸಹಿತವಾಗಿ ತಿಳಿಸಿದರು. ನೀತಿಗೆ ದೇವರ ಹೆಸರು ಬೇಕಿಲ್ಲ, ತಮಗಿಂತ ಹಿರಿದಾದ ಸಮಾಜವೆಂಬುದು ಒಂದಿದೆ, ಉಪಾಧ್ಯಾಯ ಮಾತನಾಡುವುದು ಅದರ ಪರವಾಗಿ, ಎಂಬುದು ಅವರು ಕಂಡುಕೊಂಡ ಉತ್ತರ. ಈ ಉತ್ತರದಲ್ಲಿ ಒಂದು ಅಪಾಯವಿದೆಯೆಂಬುದನ್ನು ಓದುಗರು ಊಹಿಸಬಲ್ಲರು: ಸಮಾಜವೇ ತಪ್ಪು ಮಾಡಿದರೆ? ಅದರ ಪರೀಕ್ಷೆ ಬೇಗನೆ ಬಂತು. ಅದನ್ನು ಮುಂದೆ ಹೇಳುತ್ತೇನೆ.

೧೮೯೩ರಲ್ಲಿ ಶ್ರಮವಿಭಜನೆಯನ್ನು ಕುರಿತ ಮಹಾಪ್ರಬಂಧ, ೧೮೯೫ರಲ್ಲಿ ಸಮಾಜಶಾಸ್ತ್ರದ ವಿಧಾನ ನಿಯಮಗಳನ್ನು ಕುರಿತ ಗ್ರಂಥ, ೧೮೯೭ರಲ್ಲಿ ಆತ್ಮಹತ್ಯೆಯನ್ನು ಕುರಿತ ಗ್ರಂಥ, ಹೀಗೆ ಐದು ವರ್ಷಗಳೊಳಗೆ ಮೂರು ಪುಸ್ತಕಗಳು ಹೊರಬಂದುವು. ಎರಡನೆಯದು ಚಿಕ್ಕ ಹೊತ್ತಗೆ; ಇಂದಿಗೂ ನಾನು ವಿದ್ಯಾರ್ಥಿಗಳಿಗೆ ಮೊದಲು ಓದಹೇಳುವುದು ಅದನ್ನೇ. ಅದರ ಸಾರ ಸರಳವಾದುದು. ನಾವು ಹುಟ್ಟಿನಿಂದ ಸಮಾಜದೊಳಗೆ ಇದ್ದೇವೆ, ಆದುದರಿಂದಲೇ ಅದನ್ನು ಬಲ್ಲೆವೆಂದು ಭ್ರಮಿಸುತ್ತೇವೆ. ಆ ಪೂರ್ವಭಾವನೆಗಳನ್ನು ಹೊರಗಿಡಬೇಕು. ಅಭ್ಯಾಸದ ವಿಷಯ ಯಾವುದೆಂದು ಮೊದಲೇ ನಿಷ್ಕರ್ಷಿಸಬೇಕು. ಬಳಿಕ ಅದನ್ನು ಹೊರಗಿನ ವಸ್ತುವನ್ನು ನೋಡುವಂತೆ ನೋಡಬೇಕು. ಒಂದು ಏರಿದಾಗ ಇನ್ನೊಂದು ಏರುತ್ತದೆಯೆ, ಇಳಿಯುತ್ತದೆಯೆ ಎಂದು ಹೋಲಿಸಬೇಕು. ಶಾಲೆಯನ್ನು ಬಲ್ಲೆವೆಂದು ಬರುವ ನಮ್ಮ ಉಪಾಧ್ಯಾಯ ವಿದ್ಯಾರ್ಥಿಗಳಿಗೆ ಇದಕ್ಕಿಂತ ಕಹಿಯಾದ ಔಷಧವಿಲ್ಲ.

ಈ ನಿಯಮಗಳನ್ನು ಆಚರಿಸಿ ತೋರಿಸಿದ ಪುಸ್ತಕ ಮೂರನೆಯದು. ಅದು ಸಿದ್ಧವಾದ ಬಗೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಗಂಡಹೆಂಡಿರು, ವಿಧುರರು, ಮಕ್ಕಳುಳ್ಳವರು, ಮಕ್ಕಳಿಲ್ಲದವರು ಇವರಲ್ಲಿ ಯಾರು ಹೆಚ್ಚಾಗಿ ಪ್ರಾಣ ಕಳೆದುಕೊಳ್ಳುತ್ತಾರೆಂದು ತಿಳಿಯಲು ಅಚ್ಚಾದ ವರದಿಗಳು ಸಾಲದಾಗಿದ್ದುವು. ನ್ಯಾಯಶಾಖೆಯ ಸಚಿವಾಲಯದ ಮೂಲ ಕಡತಗಳನ್ನೇ ತೆಗೆಯಬೇಕಾಗಿತ್ತು. ಸುಮಾರು ೨೬,೦೦೦ ಆತ್ಮಹತ್ಯೆಗಳ ದಾಖಲೆಗಳು. ಅವನ್ನು ಒಂದೊಂದಾಗಿ ಬಿಚ್ಚಿ ವಯಸ್ಸು, ಲಿಂಗ, ವಿವಾಹಸ್ಥಿತಿ, ಸಂತಾನ ಎಂಬ ತಲೆಬರಹಗಳ ಕೆಳಗೆ ವಿಂಗಡಿಸಿದವರು ಡರ್ಖೀಮರ ಸೋದರಳಿಯ ಮಾರ್ಸೆಲ್ ಮೋಸ್. ಆಗ ಅವರು ಇಪ್ಪತ್ತರ ಹರೆಯ ಮೀರದ ಯುವಕ; ಗಣಕಯಂತ್ರದ ಹೆಸರಿಲ್ಲದ ಕಾಲ; ಮಾಡಿದ್ದೆಲ್ಲ ಕೈಯಿಂದ, ಒಬ್ಬರೇ. ಪುಸ್ತಕದ ನಕ್ಷೆಗಳನ್ನು ಬರೆದುಕೊಟ್ಟವರು ಫೆರಾನ್ ಎಂಬ ಹಳೆಯ ಶಿಷ್ಯರು, ಲಾನ್ ಎಂಬ ಊರಿನ ಹಿರಿಯ ಪ್ರಾಥಮಿಕ ಶಾಲೆಯ ಅಧ್ಯಾಪಕರು. ಈ ಎರಡು ಹೆಸರುಗಳನ್ನೂ ಡರ್ಖೀಮರು ಮುನ್ನುಡಿಯಲ್ಲಿ ಕೃತಜ್ಞತೆಯಿಂದ ನೆನೆದಿದ್ದಾರೆ. ಸಂಶೋಧನೆಯ ತರಬೇತಿಯೆಂದರೆ ಏನೆಂದು ನನ್ನನ್ನು ಕೇಳಿದರೆ, ಹೇಳಬೇಕಾದುದೆಲ್ಲ ಆ ಮುನ್ನುಡಿಯಲ್ಲಿದೆ ಎನ್ನುತ್ತೇನೆ. ಒಬ್ಬ ಶಾಲಾ ಅಧ್ಯಾಪಕ ನಕ್ಷೆ ಬರೆದ. ಒಬ್ಬ ತರುಣ ವಿದ್ವಾಂಸ ಕಡತ ಬಿಚ್ಚಿದ. ಗುರು ಕುಳಿತು ಅದರ ಅರ್ಥವನ್ನು ಹುಡುಕಿದರು.

ಆ ಕಡತಗಳ ಬೀಗ ತೆರೆದವರು ಯಾರು ಎಂಬುದು ಇನ್ನೂ ಸ್ವಾರಸ್ಯದ ಸಂಗತಿ. ನ್ಯಾಯಾಂಗದ ಅಂಕಿಸಂಖ್ಯೆಗಳ ಶಾಖೆಗೆ ಆಗ ಮುಖ್ಯಾಧಿಕಾರಿಗಳಾಗಿದ್ದವರು ಗಾಬ್ರಿಯೆಲ್ ತಾರ್ದ್. ಸಮಾಜದ ನಡವಳಿಕೆಗೆಲ್ಲ ಮೂಲ ಒಬ್ಬರನ್ನೊಬ್ಬರು ಅನುಕರಿಸುವುದೇ ಎಂಬ ಸಿದ್ಧಾಂತದ ಪ್ರವರ್ತಕರು ಅವರು. ಡರ್ಖೀಮರ ಗ್ರಂಥದಲ್ಲಿ ಒಂದು ಇಡೀ ಅಧ್ಯಾಯವಿರುವುದು ಆ ಸಿದ್ಧಾಂತದ ಖಂಡನೆಗಾಗಿ. ತನ್ನನ್ನು ಖಂಡಿಸಲಿರುವವನಿಗೆ ತನ್ನ ಕಚೇರಿಯ ಕಪಾಟುಗಳನ್ನು ತೆರೆದುಕೊಟ್ಟ ತಾರ್ದರ ಔದಾರ್ಯ ದೊಡ್ಡದು. ವಾದದಲ್ಲಿ ಡರ್ಖೀಮರಿಗೆ ಅಷ್ಟು ಔದಾರ್ಯವಿರಲಿಲ್ಲ ಎಂದು ನನ್ನ ಅಭಿಪ್ರಾಯ.

ಆ ಗ್ರಂಥದ ತರ್ಕಸರಣಿಯಲ್ಲಿ ನಮ್ಮ ವಿದ್ಯಾರ್ಥಿಗಳಿಗೆ ಒಂದು ಭಾಗವನ್ನು ನಾನು ತಪ್ಪದೆ ಓದಿಸುತ್ತೇನೆ, ಏಕೆಂದರೆ ಅದು ವಿದ್ಯೆಯನ್ನೇ ಕುರಿತದ್ದು. ಯೂರೋಪಿನ ಲೆಕ್ಕಗಳನ್ನು ನೋಡಿದರೆ ವಿದ್ಯಾವಂತರು ಹೆಚ್ಚಾಗಿರುವ ಪ್ರದೇಶಗಳಲ್ಲಿಯೂ ವರ್ಗಗಳಲ್ಲಿಯೂ ಆತ್ಮಹತ್ಯೆ ಹೆಚ್ಚು. ಪ್ರಾಟೆಸ್ಟೆಂಟರಲ್ಲಿ ವಿದ್ಯೆ ಹೆಚ್ಚು, ಆತ್ಮಹತ್ಯೆಯೂ ಹೆಚ್ಚು. ಕ್ಯಾಥೊಲಿಕರಲ್ಲಿ ಎರಡೂ ಕಡಿಮೆ. ಹಾಗಾದರೆ ವಿದ್ಯೆ ವಿಷವೆ? ಅಂದು ಹಾಗೆ ಹೇಳಲು ಕಾದಿದ್ದವರು ಇದ್ದರು. ಜಾತ್ಯತೀತ ಶಾಲೆಗಳನ್ನು ಮುಚ್ಚಿಸಲು ಅದಕ್ಕಿಂತ ಒಳ್ಳೆಯ ವಾದ ಬೇರೊಂದಿರಲಿಲ್ಲ. ಡರ್ಖೀಮರು ಅಲ್ಲಿಗೆ ನಿಲ್ಲಲಿಲ್ಲ. ಈ ನಿಯಮವನ್ನು ಮೀರುವ ಸಮುದಾಯ ಯಾವುದಾದರೂ ಇದೆಯೆ ಎಂದು ಹುಡುಕಿದರು. ಯೆಹೂದ್ಯರಲ್ಲಿ ವಿದ್ಯೆ ಪ್ರಾಟೆಸ್ಟೆಂಟರಿಗಿಂತ ಕಡಿಮೆಯಿಲ್ಲ. ಆತ್ಮಹತ್ಯೆಯಾದರೋ ತೀರ ಕಡಿಮೆ. ಒಂದು ಅಪವಾದ ಸಿಕ್ಕಿತು, ನಿಯಮ ಮುರಿಯಿತು. ವಿದ್ಯೆ ಕಾರಣವಲ್ಲ, ಹಳೆಯ ಕಟ್ಟುಗಳು ಸಡಿಲಿ ಮನುಷ್ಯ ಒಂಟಿಯಾದಾಗ ಅವನು ಆಸರೆಗಾಗಿ ವಿದ್ಯೆಯ ಕಡೆಗೂ ತಿರುಗುತ್ತಾನೆ, ಒಮ್ಮೊಮ್ಮೆ ಸಾವಿನ ಕಡೆಗೂ ತಿರುಗುತ್ತಾನೆ. ಎರಡೂ ಒಂದೇ ಬೇರಿನ ಎರಡು ಕವಲು. ಕಿರುಕುಳಕ್ಕೆ ಒಳಗಾದ ಯೆಹೂದ್ಯ ಸಮುದಾಯದಲ್ಲಿ ಆ ಕಟ್ಟು ಸಡಿಲಿರಲಿಲ್ಲ. ಅವರು ವಿದ್ಯೆಗೆ ಕೈಚಾಚಿದ ಕಾರಣವೇ ಬೇರೆ. ಸಹಸಂಬಂಧವೇ ಕಾರಣವಲ್ಲ ಎಂಬ ಮಾತನ್ನು ಹಲಗೆಯ ಮೇಲೆ ಬರೆದರೆ ವಿದ್ಯಾರ್ಥಿಗಳು ಟಿಪ್ಪಣಿಯಲ್ಲಿ ಬರೆದುಕೊಂಡು ಮರೆಯುತ್ತಾರೆ. ಈ ಉದಾಹರಣೆಯನ್ನು ಕೇಳಿದವರು ಮರೆತದ್ದನ್ನು ನಾನು ಕಂಡಿಲ್ಲ.

ಇನ್ನೊಂದು ಉದಾಹರಣೆಯೂ ಹೀಗೆಯೇ ಚೆಲುವಾದದ್ದು. ಬೇಸಗೆಯಲ್ಲಿ ಆತ್ಮಹತ್ಯೆ ಏರುತ್ತದೆ, ಚಳಿಗಾಲದಲ್ಲಿ ಇಳಿಯುತ್ತದೆ. ಆದುದರಿಂದ ಸೆಕೆಯೇ ಕಾರಣವೆಂದು ಇಟಲಿಯ ಪಂಡಿತರು ಸಾಧಿಸಿದ್ದರು. ವಸಂತಕ್ಕೂ ಶರತ್ಕಾಲಕ್ಕೂ ಸೆಕೆಯಲ್ಲಿ ಹೆಚ್ಚು ಅಂತರವಿಲ್ಲ, ಆದರೆ ವಸಂತದಲ್ಲಿಯೇ ಸಾವು ಹೆಚ್ಚೇಕೆ ಎಂದು ಡರ್ಖೀಮರು ಕೇಳಿದರು. ಹಗಲು ಉದ್ದವಾದಷ್ಟೂ ಸಾವು ಹೆಚ್ಚುತ್ತದೆಂದು ತೋರಿಸಿದರು. ಹಗಲು ಉದ್ದವಾದರೆ ಕೊಡುಕೊಳೆ, ವ್ಯವಹಾರ, ಜನರ ಒಡನಾಟ ಹೆಚ್ಚುತ್ತದೆ. ಕೊಲ್ಲುವುದು ಸೂರ್ಯನಲ್ಲ, ಸಮಾಜದ ಬಿರುಸು.

ಹಾಗೆಂದು ಆ ಗ್ರಂಥ ನಿರ್ದುಷ್ಟವೆಂದು ನಾನು ಹೇಳುವುದಿಲ್ಲ. ಪೂರ್ವಭಾವನೆಗಳನ್ನು ಹೊರಗಿಡಿರೆಂದು ಬೋಧಿಸಿದವರೇ ಹೆಂಗಸರ ವಿಷಯ ಬಂದಾಗ, ಅವರ ಮನೋಜೀವನ ಗಂಡಸರಷ್ಟು ವಿಕಾಸವಾಗಿಲ್ಲವೆಂಬ ಕಾಲದ ಹಳಸಲು ನಂಬಿಕೆಯನ್ನೇ ವಿವರಣೆಯಾಗಿ ಮುಂದಿಟ್ಟರು. ಒಂದು ಪ್ರಾಂತದ ಒಟ್ಟು ಲೆಕ್ಕದಿಂದ ಅಲ್ಲಿನ ಒಬ್ಬೊಬ್ಬ ವ್ಯಕ್ತಿಯ ವಿಷಯವನ್ನು ಊಹಿಸುವುದು ಎಷ್ಟು ಅಪಾಯಕಾರಿಯೆಂಬುದನ್ನು ೧೯೫೦ರಲ್ಲಿ ರಾಬಿನ್‌ಸನ್ ಎಂಬ ಅಮೆರಿಕದ ವಿದ್ವಾಂಸರು ಗಣಿತದಿಂದ ತೋರಿಸಿಕೊಟ್ಟರು; ಆ ಏಟು ಡರ್ಖೀಮರ ಕೆಲವು ಕೋಷ್ಟಕಗಳಿಗೂ ತಗಲುತ್ತದೆ. ೧೯೬೭ರಲ್ಲಿ ಜ್ಯಾಕ್ ಡಗ್ಲಾಸ್ ಇನ್ನೂ ಬುಡಕ್ಕೆ ಕೈಹಾಕಿದರು. ಒಂದು ಸಾವನ್ನು ಆತ್ಮಹತ್ಯೆಯೆಂದು ಬರೆಯುವವನು ಒಬ್ಬ ಅಧಿಕಾರಿ. ಮಾನವಂತರ ಮನೆಯಲ್ಲಿ ಅದು ಅಪಘಾತವಾಗಿ ದಾಖಲಾಗಬಹುದು. ಬಂಧುಬಳಗ ಹೆಚ್ಚಿದ್ದಲ್ಲಿ ಮುಚ್ಚಿಡುವವರೂ ಹೆಚ್ಚು. ಹಾಗಾದರೆ ಎಣಿಸಿದ್ದು ಸಾವನ್ನೋ, ಅಧಿಕಾರಿಗಳ ತೀರ್ಮಾನವನ್ನೋ? ಕಿಟಕಿಯಿಂದ ಬಿದ್ದ ಓಮೆಯವರ ನೆನಪು ಇಲ್ಲಿ ಮತ್ತೆ ಬರುತ್ತದೆ. ನಮ್ಮ ವಿದ್ಯಾರ್ಥಿಯೊಬ್ಬರು ಶಾಲೆ ಬಿಟ್ಟ ಮಕ್ಕಳನ್ನು ಕುರಿತು ಪ್ರಬಂಧ ಬರೆಯಹೊರಟಾಗ ಹಾಜರಿ ಪುಸ್ತಕಗಳನ್ನೇ ನೆಚ್ಚಿಕೊಂಡಿದ್ದರು. ಬಾರದ ಮಗುವಿನ ಹೆಸರನ್ನು ಎಷ್ಟು ದಿನದ ಮೇಲೆ ಹೊಡೆದುಹಾಕುತ್ತಾರೆ, ಹೊಡೆದುಹಾಕುವುದರಿಂದ ಯಾರಿಗೆ ನಷ್ಟ, ಉಳಿಸಿಕೊಳ್ಳುವುದರಿಂದ ಯಾರಿಗೆ ಲಾಭ ಎಂದು ವಿಚಾರಿಸಿ ಬನ್ನಿರೆಂದು ನಾನು ಕಳುಹಿಸಿದೆ. ಅವರು ಮರಳಿ ಬಂದಾಗ ತಂದದ್ದು ಹಿಂದಿನದಕ್ಕಿಂತ ಬಹಳ ಒಳ್ಳೆಯ ಪ್ರಶ್ನೆಗಳನ್ನು.

೧೮೯೮ರಲ್ಲಿ ಡರ್ಖೀಮರು ಒಂದು ವಾರ್ಷಿಕ ಪತ್ರಿಕೆಯನ್ನು ಹೂಡಿದರು. ೧೯೧೩ರವರೆಗೆ ಅದರ ಹನ್ನೆರಡು ಸಂಪುಟಗಳು ಹೊರಬಂದುವು. ಮೋಸ್, ಉಬೇರ್, ಬೂಗ್ಲೆ, ಸಿಮಿಯಾಂ, ಫೋಕೊನೆ, ಹೆರ್ಟ್ಸ್, ಆಲ್ಬ್ವಾಕ್ಸ್ ಮುಂತಾದ ತರುಣರ ತಂಡ ಅದಕ್ಕಾಗಿ ಜಗತ್ತಿನ ಗ್ರಂಥಗಳನ್ನೆಲ್ಲ ಓದಿ ವಿಮರ್ಶೆ ಬರೆಯುತ್ತಿತ್ತು. ಒಬ್ಬೊಬ್ಬರಿಗೆ ಒಂದೊಂದು ಕ್ಷೇತ್ರ. ಪರರ ಗ್ರಂಥದಲ್ಲಿ ಆಧಾರ ಎಲ್ಲಿ ಗಟ್ಟಿ, ಎಲ್ಲಿ ಪೊಳ್ಳು ಎಂದು ಹುಡುಕುತ್ತ ಅವರು ತಮ್ಮ ಕಸುಬನ್ನು ಕಲಿತರು. ನಮ್ಮ ಪ್ರಬಂಧಗಳ ಎರಡನೆಯ ಅಧ್ಯಾಯದಲ್ಲಿ ಪೂರ್ವಾಧ್ಯಯನಗಳ ಸಮೀಕ್ಷೆಯೆಂಬ ಹೆಸರಿನಲ್ಲಿ ಹೆಸರುಗಳನ್ನೂ ಇಸವಿಗಳನ್ನೂ ಪೋಣಿಸಿಡುವ ಪದ್ಧತಿಗೂ ಇದಕ್ಕೂ ಎಷ್ಟು ದೂರ!

ಅದೇ ೧೮೯೮ರಲ್ಲಿ ನಾನು ಮೊದಲು ಹೇಳಿದ ಪರೀಕ್ಷೆ ಬಂತು. ಡ್ರೇಫಸ್ ಎಂಬ ಯೆಹೂದ್ಯ ಸೇನಾಧಿಕಾರಿಯನ್ನು ದೇಶದ್ರೋಹದ ಸುಳ್ಳು ಆಪಾದನೆಯ ಮೇಲೆ ೧೮೯೪ರಲ್ಲಿ ಶಿಕ್ಷಿಸಿದ್ದರು. ಸೇನೆಯ ಗೌರವಕ್ಕಾಗಿ, ಸಮಾಜದ ಐಕ್ಯಕ್ಕಾಗಿ ಒಬ್ಬನ ಅನ್ಯಾಯವನ್ನು ಸಹಿಸಬೇಕೆಂದು ದೊಡ್ಡವರು ಬರೆದರು. ಸಮಾಜವೇ ನೀತಿಯ ಮೂಲವೆಂದ ಡರ್ಖೀಮರು ಯಾವ ಕಡೆ ನಿಲ್ಲಬೇಕಾಗಿತ್ತು? ಅವರು ಡ್ರೇಫಸರ ಕಡೆ ನಿಂತರು. ಮಾನವಹಕ್ಕುಗಳ ಸಂಘದ ಬೋರ್ದೋ ಶಾಖೆಗಾಗಿ ದುಡಿದರು. ಇಂದಿನ ಸಮಾಜವನ್ನು ಕೂಡಿಸಿ ನಿಲ್ಲಿಸಿರುವ ಪವಿತ್ರ ವಸ್ತು ಯಾವುದಾದರೂ ಉಳಿದಿದ್ದರೆ ಅದು ಪ್ರತಿಯೊಬ್ಬ ಮನುಷ್ಯನ ಘನತೆಯೇ, ಅದನ್ನು ತುಳಿದು ಸಮಾಜವನ್ನು ಉಳಿಸಲಾಗದು ಎಂದು ಲೇಖನ ಬರೆದರು. ಸಿದ್ಧಾಂತಕ್ಕೆ ಕುಂದು ಬಾರದಂತೆ ನ್ಯಾಯದ ಪಕ್ಷಕ್ಕೆ ಬಂದದ್ದು ಜಾಣತನವೆಂದು ಕೆಲವರು ಹೇಳಬಹುದು. ನನಗೆ ಅದು ಧೈರ್ಯವಾಗಿಯೇ ಕಾಣುತ್ತದೆ.

೧೯೦೨ರಲ್ಲಿ ಪ್ಯಾರಿಸಿನ ಕರೆ ಬಂತು. ಸೊರ್ಬಾನಿನ ಶಿಕ್ಷಣವಿಜ್ಞಾನ ಪೀಠದಲ್ಲಿದ್ದ ಫೆರ್ದಿನಾಂ ಬ್ಯುಯಿಸನ್ ಶಾಸನಸಭೆಗೆ ಆರಿಸಿಹೋಗಿದ್ದರು. ಅವರ ಸ್ಥಾನದಲ್ಲಿ ಡರ್ಖೀಮರು ಪಾಠ ಹೇಳತೊಡಗಿ, ೧೯೦೬ರಲ್ಲಿ ಪ್ರಾಧ್ಯಾಪಕರಾದರು. ಪೀಠದ ಹೆಸರಿನಲ್ಲಿ ಸಮಾಜಶಾಸ್ತ್ರವೆಂಬ ಮಾತು ಸೇರಿದ್ದು ೧೯೧೩ರಲ್ಲಿ ಮಾತ್ರ. ೧೯೦೪-೦೫ರಿಂದ, ಪ್ರೌಢಶಾಲೆಗಳ ಅಧ್ಯಾಪಕ ಪದವಿಗೆ ಸಿದ್ಧರಾಗುವವರಿಗೆಲ್ಲ ಫ್ರಾನ್ಸಿನ ಮಾಧ್ಯಮಿಕ ಶಿಕ್ಷಣದ ಇತಿಹಾಸವನ್ನು ಕುರಿತ ಅವರ ಉಪನ್ಯಾಸಮಾಲೆ ಕಡ್ಡಾಯವಾಯಿತು. ಸಾಹಿತ್ಯ, ಇತಿಹಾಸ, ತತ್ತ್ವಶಾಸ್ತ್ರಗಳಲ್ಲಿ ಪಾರಂಗತರಾದ ಆ ತರುಣರು ಬೋಧನೆಯ ಗುಟ್ಟುಗಳನ್ನು ನಿರೀಕ್ಷಿಸಿ ಬಂದಿದ್ದರೆ ನಿರಾಶರಾಗಿರಬೇಕು. ಡರ್ಖೀಮರು ಗುಟ್ಟುಗಳನ್ನು ಹೇಳಲಿಲ್ಲ. ಷಾರ್ಲಮೇನನ ಕಾಲದ ಮಠಶಾಲೆಗಳಿಂದ ಮೊದಲುಗೊಂಡು ಪ್ಯಾರಿಸ್ ವಿಶ್ವವಿದ್ಯಾನಿಲಯ, ನವೋದಯ, ಜೆಸ್ಯೂಟರ ಶಾಲೆಗಳವರೆಗೆ ನಡೆಸಿಕೊಂಡು ಬಂದು, ಒಂದೊಂದು ಕಾಲದ ಶಾಲೆಯನ್ನೂ ಆ ಕಾಲದ ಸಮಾಜ ಹೇಗೆ ರೂಪಿಸಿತೆಂದು ತೋರಿಸಿದರು. ತಾನು ನಿಂತಿರುವ ಶಾಲೆ ಎಲ್ಲಿಂದ ಬಂತೆಂದು ತಿಳಿಯದವನು ಅದನ್ನು ಬದಲಿಸಲಾರ ಎಂಬುದು ಅವರ ನಂಬಿಕೆ.

೧೯೧೧ರಲ್ಲಿ ಬ್ಯುಯಿಸನ್‌ರ ಶಿಕ್ಷಣ ಕೋಶದ ಹೊಸ ಆವೃತ್ತಿಗೆ ಬರೆದ ಲೇಖನದಲ್ಲಿ ಡರ್ಖೀಮರು ಮಾಡಿದ ಒಂದು ವಿಂಗಡಣೆ ನನ್ನ ಪಾಲಿಗೆ ಅವರ ಅತ್ಯಂತ ಉಪಯುಕ್ತವಾದ ಬರಹ. ಪಾಠ ಹೇಳುವುದು ಒಂದು ಕಲೆ. ಶಿಕ್ಷಣವು ಹೇಗಿದೆ, ಏಕೆ ಹಾಗಿದೆ ಎಂದು ತಿಳಿಯುವುದು ಒಂದು ವಿಜ್ಞಾನ. ಇವೆರಡರ ನಡುವೆ, ಹೇಗಿರಬೇಕೆಂದು ಚಿಂತಿಸುವ ಬೋಧನಶಾಸ್ತ್ರ ಬೇರೊಂದು. ವಿಜ್ಞಾನಿಗೆ ಅವಸರವಿಲ್ಲ, ತನ್ನ ಫಲದಿಂದ ಯಾರಿಗೆ ಹಿತ, ಯಾರಿಗೆ ಅಹಿತ ಎಂದು ಅವನು ಮೊದಲೇ ಯೋಚಿಸಬೇಕಿಲ್ಲ. ಉಪಾಧ್ಯಾಯನಾದರೋ ನಾಳೆ ಬೆಳಗ್ಗೆ ತರಗತಿಗೆ ಹೋಗಲೇಬೇಕು. ನಮ್ಮ ಪ್ರಬಂಧಗಳಲ್ಲಿ ಈ ಮೂರೂ ಕಲಸಿಹೋಗಿರುತ್ತವೆ. ನೂರು ಮಂದಿಗೆ ಪ್ರಶ್ನಾವಳಿ ಹಂಚಿ, ತಿಂಗಳೊಳಗೆ ಉತ್ತರ ಕೂಡಿಸಿ, ಕೊನೆಯ ಅಧ್ಯಾಯದಲ್ಲಿ ಸರಕಾರಕ್ಕೆ, ಮುಖ್ಯೋಪಾಧ್ಯಾಯರಿಗೆ, ತಾಯಿತಂದೆಗಳಿಗೆ ಸಾಲುಸಾಲಾಗಿ ಸಲಹೆ ಕೊಡುತ್ತೇವೆ. ಆ ಸಲಹೆಗಳಲ್ಲಿ ಬಹಳಷ್ಟನ್ನು ಪ್ರಶ್ನಾವಳಿ ಹಂಚದೆಯೂ ಬರೆಯಬಹುದಾಗಿತ್ತು. ಆದರೆ ಡರ್ಖೀಮರೂ ಒಂದು ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತು ಅಲ್ಲಿ ನಡೆಯುವುದನ್ನು ದಿನವೂ ಬರೆದುಕೊಂಡವರಲ್ಲ. ೧೯೧೨ರಲ್ಲಿ ಅವರು ಬರೆದ ಧರ್ಮವಿಷಯಕ ಮಹಾಗ್ರಂಥಕ್ಕೆ ಆಸ್ಟ್ರೇಲಿಯದ ಮೂಲನಿವಾಸಿಗಳೇ ಆಧಾರ. ಆ ನೆಲವನ್ನು ಅವರು ಕಂಡಿರಲಿಲ್ಲ, ಸ್ಪೆನ್ಸರ್ ಮತ್ತು ಗಿಲೆನ್ ಮೊದಲಾದವರ ವರದಿಗಳನ್ನು ನೆಚ್ಚಿದರು. ಹಳ್ಳಿಯಲ್ಲಿ ಬಿಡಾರ ಹೂಡಿ ನೋಡುವ ವಿದ್ಯೆಯನ್ನು ಅವರ ಚಿಂತನೆಗೆ ಜೋಡಿಸಿದವರು ಮುಂದಿನವರು. ನಮ್ಮ ಮೈಸೂರಿನ ಎಂ. ಎನ್. ಶ್ರೀನಿವಾಸರು ಆಕ್ಸ್‌ಫರ್ಡಿನಲ್ಲಿ ಕಲಿತದ್ದು ಡರ್ಖೀಮರ ಪ್ರಭಾವಕ್ಕೆ ಒಳಗಾಗಿದ್ದ ರ್‍ಯಾಡ್‌ಕ್ಲಿಫ್-ಬ್ರೌನರ ಬಳಿ. ಕೊಡವರನ್ನು ಕುರಿತು ೧೯೫೨ರಲ್ಲಿ ಪ್ರಕಟವಾದ ಅವರ ಗ್ರಂಥದಲ್ಲಿ ಆ ಗುರುಪರಂಪರೆಯ ಗುರುತು ಸ್ಪಷ್ಟವಾಗಿದೆ.

ಕಡ್ಡಾಯದ ಪಾಠಕ್ಕೆ ಶತ್ರುಗಳು ತಪ್ಪಲಿಲ್ಲ. ೧೯೧೦ರ ಸುಮಾರಿಗೆ ಆಗಾತೋನ್ ಎಂಬ ಗುಪ್ತನಾಮದಲ್ಲಿ ಇಬ್ಬರು ತರುಣರು ಹೊಸ ಸೊರ್ಬಾನಿನ ಮೇಲೆ ಲೇಖನಗಳ ಮಳೆಗರೆದರು. ಸಾಹಿತ್ಯದ ರಸಿಕತೆ ಸತ್ತಿತು, ಚೀಟಿಗಳನ್ನು ಜೋಡಿಸುವ ಗುಮಾಸ್ತಗಿರಿ ಪಾಂಡಿತ್ಯವೆನಿಸಿತು, ಸಮಾಜಶಾಸ್ತ್ರದ ಹೆಸರಿನಲ್ಲಿ ಒಬ್ಬ ವ್ಯಕ್ತಿ ಉಪಾಧ್ಯಾಯವರ್ಗದ ಮನಸ್ಸನ್ನೆಲ್ಲ ಆಳುತ್ತಿದ್ದಾನೆ ಎಂಬುದು ಅವರ ದೂರು. ದೂರಿನಲ್ಲಿ ದ್ವೇಷವಿತ್ತು, ಸ್ವಲ್ಪ ಸತ್ಯವೂ ಇತ್ತು. ಆ ಇಬ್ಬರಲ್ಲಿ ಒಬ್ಬನ ಹೆಸರು ಆಲ್ಫ್ರೆಡ್ ದ ತಾರ್ದ್: ಕಡತಗಳ ಕಪಾಟು ತೆರೆದುಕೊಟ್ಟ ಗಾಬ್ರಿಯೆಲ್ ತಾರ್ದರ ಮಗ.

೧೯೧೪ರಲ್ಲಿ ಮಹಾಯುದ್ಧ ಬಂತು. ಐವತ್ತಾರು ವರ್ಷದ ಡರ್ಖೀಮರು ದೇಶದ ಪರವಾಗಿ ಪುಸ್ತಿಕೆಗಳನ್ನು ಬರೆಯುವ, ದಾಖಲೆಗಳನ್ನು ಪ್ರಕಟಿಸುವ ಸಮಿತಿಗಳಲ್ಲಿ ಹಗಲಿರುಳು ದುಡಿದರು. ಅವರು ಬೆಳೆಸಿದ ತರುಣರ ತಂಡ ರಣರಂಗಕ್ಕೆ ಹೋಯಿತು. ೧೯೧೫ರ ಏಪ್ರಿಲಿನಲ್ಲಿ ರೊಬೇರ್ ಹೆರ್ಟ್ಸ್ ಮಡಿದರು. ಮಗ ಆಂದ್ರೆ, ಭಾಷಾಶಾಸ್ತ್ರದಲ್ಲಿ ತಂದೆಗೆ ತಕ್ಕ ಮಗನಾಗುತ್ತಿದ್ದವನು, ಬಾಲ್ಕನ್ ರಂಗದಲ್ಲಿ ಗಾಯಗೊಂಡು ೧೯೧೫ರ ಡಿಸೆಂಬರಿನಲ್ಲಿ ಬಲ್ಗೇರಿಯದ ಆಸ್ಪತ್ರೆಯೊಂದರಲ್ಲಿ ಪ್ರಾಣಬಿಟ್ಟ. ಆ ಸುದ್ದಿ ಖಚಿತವಾಗಿ ತಂದೆಯನ್ನು ಮುಟ್ಟಿದ್ದು ಮರುವರ್ಷ. ಅದೇ ೧೯೧೬ರಲ್ಲಿ ಶಾಸನಸಭೆಯೊಳಗೆ ಒಬ್ಬ ಸದಸ್ಯ ಎದ್ದುನಿಂತು ಡರ್ಖೀಮರನ್ನು ಪರದೇಶದ ಮೂಲದವನೆಂದು ಶಂಕಿಸಿ ಮಾತನಾಡಿದ. ಎಪಿನಾಲಿನ ಹುಡುಗ ಹನ್ನೆರಡನೆಯ ವಯಸ್ಸಿನಲ್ಲಿ ಕೇಳಿದ ಗುಲ್ಲು ಇದೇ.

ಮಗನ ವಿಷಯವನ್ನು ಯಾರೂ ಎತ್ತಕೂಡದೆಂದು ಡರ್ಖೀಮರು ಗೆಳೆಯರನ್ನು ಬೇಡಿಕೊಂಡಿದ್ದರಂತೆ. ಕೆಲಸದಲ್ಲಿ ಮುಳುಗಿದರು, ೧೯೧೬ರ ಕೊನೆಗೆ ದೇಹ ಸೋತಿತು. ೧೯೧೭ನೆಯ ಇಸವಿ ನವೆಂಬರ್ ೧೫ರಂದು, ಐವತ್ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡರು. ಪ್ಯಾರಿಸಿನ ಮೋಂಪಾರ್ನಾಸ್ ಶ್ಮಶಾನದಲ್ಲಿ ಅವರ ಸಮಾಧಿಯಿದೆ.

ಉಪಾಧ್ಯಾಯರಿಗೆ ಹೇಳಿದ ಪಾಠಗಳನ್ನು ಅವರು ತಮ್ಮ ಜೀವಮಾನದಲ್ಲಿ ಗ್ರಂಥರೂಪಕ್ಕೆ ತಂದಿರಲಿಲ್ಲ. ಪೂರ್ತಿಯಾಗಿ ಬರೆದಿಟ್ಟ ಹಸ್ತಪ್ರತಿಗಳು ಮಾತ್ರ ಇದ್ದುವು. ಶಿಕ್ಷಣ ಮತ್ತು ಸಮಾಜಶಾಸ್ತ್ರವನ್ನು ಕುರಿತ ಪ್ರಬಂಧಗಳನ್ನು ಫೋಕೊನೆ ೧೯೨೨ರಲ್ಲಿ ಹೊರತಂದರು. ನೀತಿಶಿಕ್ಷಣದ ಉಪನ್ಯಾಸಗಳು ೧೯೨೫ರಲ್ಲಿ ಬಂದುವು. ಮಾಧ್ಯಮಿಕ ಶಿಕ್ಷಣದ ಇತಿಹಾಸ ಆಲ್ಬ್ವಾಕ್ಸರ ಮುನ್ನುಡಿಯೊಡನೆ ೧೯೩೮ರಲ್ಲಿ ಅಚ್ಚಾಯಿತು. ಎರಡು ವರ್ಷಗಳಲ್ಲಿ ಜರ್ಮನ್ ಸೇನೆ ಮತ್ತೆ ಪ್ಯಾರಿಸಿಗೆ ಬಂತು. ಡರ್ಖೀಮರ ಉಳಿದ ಕಾಗದಪತ್ರಗಳಲ್ಲಿ ಬಹುಭಾಗ ಆ ವರ್ಷಗಳಲ್ಲಿ ಕಳೆದುಹೋಯಿತು. ಆಲ್ಬ್ವಾಕ್ಸರನ್ನು ೧೯೪೪ರಲ್ಲಿ ಸೆರೆಹಿಡಿದು ಬೂಕನ್‌ವಾಲ್ಡಿನ ಬಂದಿಶಿಬಿರಕ್ಕೆ ಒಯ್ದರು. ೧೯೪೫ರ ಮಾರ್ಚಿಯಲ್ಲಿ ಅವರು ಅಲ್ಲಿಯೇ ಸತ್ತರು.